ಟ್ರಿಮ್ ಮಾಡಿದ ಕೇಸ್‌ಗಳ ಉದ್ದ ಒಂದೇ ಸಮ ಬಾರದಿದ್ದರೆ: ಹೊಸ ಟ್ರಿಮ್ಮರ್ ಕೊಳ್ಳುವ ಮೊದಲು ದೋಷ ಹುಡುಕುವ ಕ್ರಮ

ದೋಷ ಹೀಗಿರುತ್ತದೆ. ರೈಫಲ್ ತೋಟಾದ ಖಾಲಿ ಹಿತ್ತಾಳೆ ಕೇಸ್‌ಗಳನ್ನು, ಬಾಯಿಯ ಕಡೆ ಹೆಚ್ಚಾದ ಉದ್ದ ತೆಗೆಯುವ ಟ್ರಿಮ್ಮರ್‌ನಲ್ಲಿ ಸಾಲಾಗಿ ಕತ್ತರಿಸುತ್ತೀರಿ. ನಡುವೆ ಅಳತೆಯ ತಿರುಪನ್ನು ಮುಟ್ಟಿಲ್ಲ. ಕೊನೆಗೆ ವರ್ನಿಯರ್ ಹಿಡಿದು ನೋಡಿದರೆ ಒಂದು ಕೇಸ್ 50.90 ಮಿ.ಮೀ., ಪಕ್ಕದ್ದು 51.01, ಅದರಾಚೆಯದು 50.94. ಕೆಲವು ಕೇಸ್‌ಗಳ ಬಾಯಿಯ ಅಂಚು ಅರ್ಧ ಹೊಳೆಯುತ್ತದೆ, ಉಳಿದರ್ಧಕ್ಕೆ ಕಟ್ಟರ್ ತಾಗಿದ ಗುರುತೇ ಇಲ್ಲ. ಇದನ್ನು ಕಂಡವರೆಲ್ಲ ಟ್ರಿಮ್ಮರ್ ಕೆಟ್ಟಿದೆ ಎಂದು ತೀರ್ಮಾನಿಸಿ, ಬೇರೆ ಯಾವುದು ಒಳ್ಳೆಯದು ಎಂದು ವಿಚಾರಿಸತೊಡಗುತ್ತಾರೆ.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನೂ ಹಾಗೆಯೇ ಕೇಳಿದ. ಅಲ್ಲಿ ಅವನು ಗುರಿ ಸ್ಪರ್ಧೆಗೆ ಹೋಗುತ್ತಾನೆ, ತನ್ನ .308 ವಿಂಚೆಸ್ಟರ್ ರೈಫಲ್‌ಗೆ ಬೇಕಾದ ತೋಟಾಗಳನ್ನು ತಾನೇ ಮರುತುಂಬಿಕೊಳ್ಳುತ್ತಾನೆ. "ಅಣ್ಣ, ನೀವು ದಿನವೂ ಹಿತ್ತಾಳೆ ಕತ್ತರಿಸುತ್ತೀರಿ. ಯಾವ ಟ್ರಿಮ್ಮರ್ ಕೊಳ್ಳಲಿ ಹೇಳಿ" ಎಂದ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವವನು. ಬುಷ್, ಸ್ಲೀವ್, ತೆಳು ಗೋಡೆಯ ಹಿತ್ತಾಳೆ ಕೊಳವೆ ಇವೇ ನಮ್ಮ ನಿತ್ಯದ ಜಾಬ್. ಮದ್ದು ತುಂಬುವ ವಿದ್ಯೆ ನನ್ನದಲ್ಲ, ಅದರ ಬಗ್ಗೆ ಇಲ್ಲಿ ಒಂದು ಮಾತನ್ನೂ ಬರೆಯುವುದಿಲ್ಲ. ಆದರೆ ತೆಳುವಾದ ಹಿತ್ತಾಳೆ ಕೊಳವೆಯ ತುದಿಯನ್ನು ನೇರವಾಗಿ, ಪ್ರತಿ ಸಲವೂ ಒಂದೇ ಉದ್ದಕ್ಕೆ ಕತ್ತರಿಸುವುದು ಶುದ್ಧ ಲೇತ್ ಕೆಲಸ. ಅದರ ದೋಷ ಹುಡುಕುವ ದಾರಿ ಹೆಬ್ಬಾಳದಲ್ಲೂ ಟೆಕ್ಸಾಸ್‌ನಲ್ಲೂ ಒಂದೇ.

ಇಲ್ಲಿನ ಓದುಗರಿಗೆ ಮೊದಲೇ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡಿನ ಭಾಗಗಳು ಮಾತ್ರವಲ್ಲ, ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡು ಎಂಬ ವ್ಯಾಖ್ಯೆಯೊಳಗೇ ಬರುತ್ತವೆ. ಪರವಾನಗಿ ಇಲ್ಲದೆ ತಯಾರಿಸುವುದು ಅಪರಾಧ. ಆದ್ದರಿಂದ ಮೈಸೂರು, ಮಂಡ್ಯದ ಯಾವ ಲೇತ್ ಅಂಗಡಿಗೂ ಹೋಗಿ ಇಂಥದ್ದೊಂದನ್ನು ಮಾಡಿಕೊಡಿ ಎಂದು ಕೇಳಬೇಡಿ, ಕೇಳಿದರೆ ಅಂಗಡಿಯವರು ಒಪ್ಪಲೂಬಾರದು. ನಾನು ನನ್ನ ತಮ್ಮನಿಗೂ ಇಲ್ಲಿಂದ ಏನನ್ನೂ ಮಾಡಿ ಕಳಿಸಿಲ್ಲ. ಅಳತೆಯನ್ನು ಹೇಗೆ ತೆಗೆಯಬೇಕು, ಅಂಕಿಗಳನ್ನು ಹೇಗೆ ಓದಬೇಕು ಎಂದಷ್ಟೇ ಹೇಳಿದೆ. ಮುಂದಿನದು ಅಂಥ ಹವ್ಯಾಸಕ್ಕೆ ಕಾನೂನಿನ ಅವಕಾಶವಿರುವ ಕಡೆ ಇರುವ ಕನ್ನಡಿಗರಿಗಾಗಿ, ಹಾಗೆಯೇ ತೆಳು ಹಿತ್ತಾಳೆಯನ್ನು ಕತ್ತರಿಸುವ ಯಾರಿಗಾದರೂ.

ಉದ್ದ ಏಕೆ ಬೆಳೆಯುತ್ತದೆ

ಕೇಸ್‌ಗೆ ಬಳಸುವ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಗುಂಡು ಹಾರಿದಾಗ ಕೇಸ್ ಉಬ್ಬಿ ಛೇಂಬರ್‌ನ, ಅಂದರೆ ರೈಫಲ್‌ನಲ್ಲಿ ತೋಟಾ ಕೂರುವ ಗೂಡಿನ, ಗೋಡೆಗೆ ಅಂಟುತ್ತದೆ. ಮತ್ತೆ ಬಳಸಬೇಕಾದರೆ ಅದನ್ನು ಪ್ರೆಸ್‌ನಿಂದ ಡೈಗೆ, ಅಂದರೆ ಉಕ್ಕಿನ ಅಚ್ಚಿಗೆ, ಒತ್ತಿ ಮೊದಲಿನ ಗಾತ್ರಕ್ಕೆ ತರಬೇಕು. ಹೀಗೆ ಹಿಂಡಿದಾಗ ಹಿತ್ತಾಳೆಗೆ ಹೋಗಲು ದಾರಿ ಒಂದೇ, ಬಾಯಿಯ ಕಡೆಗೆ. ಜೊತೆಗೆ ಕತ್ತನ್ನು ಒಳಗಿನಿಂದ ಹಿಗ್ಗಿಸುವ ಗುಂಡಿ ಡೈಯಿಂದ ಹೊರಬರುವಾಗ ಕತ್ತನ್ನೂ ತನ್ನೊಡನೆ ಎಳೆಯುತ್ತದೆ. ಪ್ರತಿ ಬಳಕೆಗೂ ಕೇಸ್ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತದೆ.

.308 ವಿಂಚೆಸ್ಟರ್ ಕೇಸ್‌ನ ಗರಿಷ್ಠ ಉದ್ದ 2.015 ಇಂಚು, ಅಂದರೆ 51.18 ಮಿ.ಮೀ. ಟ್ರಿಮ್ ಮಾಡಿ ನಿಲ್ಲಿಸುವ ಅಳತೆ 2.005 ಇಂಚು, 50.93 ಮಿ.ಮೀ. .223 ರೆಮಿಂಗ್ಟನ್‌ಗೆ ಇದೇ ಕ್ರಮದಲ್ಲಿ 1.760 ಮತ್ತು 1.750 ಇಂಚು. .30-06ಕ್ಕೆ 2.494 ಮತ್ತು 2.484. ಗರಿಷ್ಠವನ್ನು ಮೀರಿದ ಕೇಸ್‌ನ ಬಾಯಿ ಛೇಂಬರ್‌ನ ಕೊನೆಯ ಅಂಚಿಗೆ ಹೋಗಿ ತಾಗಬಹುದು. ಆಗ ಬಾಯಿ ಒಳಮುಖವಾಗಿ ಮಡಚಿ ಬುಲೆಟ್ಟನ್ನು ಕಚ್ಚಿಹಿಡಿಯುತ್ತದೆ. ಬುಲೆಟ್ ಬಿಡುಗಡೆಯಾಗಲು ತಡವಾದರೆ ಒತ್ತಡ ಮಿತಿ ಮೀರಿ ಏರುತ್ತದೆ. ಗರಿಷ್ಠ ಉದ್ದದ ವಿಷಯದಲ್ಲಿ ರಿಯಾಯಿತಿ ಇಲ್ಲ ಎನ್ನುವುದು ಇದಕ್ಕಾಗಿಯೇ.

ಹಾಗೆಂದು ಮೇಲೆ ಹೇಳಿದ 50.90, 51.01, 50.94 ಅಪಾಯದ ಅಂಕಿಗಳಲ್ಲ. ಮೂರೂ ಗರಿಷ್ಠದೊಳಗೇ ಇವೆ. ಬಾಯಿಯನ್ನು ಬುಲೆಟ್ಟಿನ ತೋಡಿಗೆ ಒತ್ತಿ ಕ್ರಿಂಪ್ ಮಾಡುವವರಿಗೆ ಈ ಏರುಪೇರು ನೇರವಾಗಿ ತೊಂದರೆ ಕೊಡುತ್ತದೆ: ಉದ್ದ ಕೇಸ್‌ಗೆ ಬಿಗಿ ಹೆಚ್ಚು, ಗಿಡ್ಡ ಕೇಸ್‌ಗೆ ಕಡಿಮೆ. ಕ್ರಿಂಪ್ ಮಾಡದವರಿಗೆ ಗುರಿಯಲ್ಲಿ ಕಾಣುವಂಥ ವ್ಯತ್ಯಾಸ ಬಹುಶಃ ಬರುವುದಿಲ್ಲ. ಆದರೂ ಕಾರಣ ಹುಡುಕಲೇಬೇಕು ಎಂದು ನಾನು ಹಟ ಹಿಡಿದೆ. ಹೊಂದಿಕೆ ಮುಟ್ಟದ ಯಂತ್ರ ಬೇರೆ ಬೇರೆ ಉದ್ದ ಕೊಡುತ್ತಿದೆ ಎಂದರೆ ಎಲ್ಲೋ ಏನೋ ಅಲುಗಾಡುತ್ತಿದೆ, ಮತ್ತು ಅಲುಗಾಡುತ್ತಿರುವುದು ಟ್ರಿಮ್ಮರ್‌ನಲ್ಲೇ ಎಂಬ ಖಾತ್ರಿ ಯಾರಿಗೂ ಇಲ್ಲ.

ಮೊದಲು ವರ್ನಿಯರ್‌ನ ಮೇಲೆ ಅನುಮಾನ ಪಡಿ

ಟ್ರಿಮ್ಮರ್‌ನ್ನು ಪಕ್ಕಕ್ಕಿಡಿ. ಒಂದೇ ಒಂದು ಕೇಸ್ ತೆಗೆದುಕೊಂಡು, ಅದನ್ನು ಪ್ರತಿ ಸಲವೂ ಕೆಳಗಿಟ್ಟು ಮತ್ತೆ ಎತ್ತಿ, ಹತ್ತು ಸಲ ಅಳೆದು ಬರೆಯಿರಿ. ಸಾಮಾನ್ಯ ಡಿಜಿಟಲ್ ವರ್ನಿಯರ್‌ನ ನಿಖರತೆ 0.02 ಮಿ.ಮೀ. ಆಸುಪಾಸಿನದು, ಪರದೆಯಲ್ಲಿ 0.01 ಕಾಣಿಸಿದ ಮಾತ್ರಕ್ಕೆ ಅಷ್ಟು ಸೂಕ್ಷ್ಮ ಅದಕ್ಕೆ ಬಂದುಬಿಡುವುದಿಲ್ಲ. ಹತ್ತು ಓದುಗಳು 0.02ರೊಳಗೆ ನಿಂತರೆ ಕೈಯೂ ಉಪಕರಣವೂ ಸರಿಯಾಗಿವೆ. 0.05ರಷ್ಟು ಹರಡಿದರೆ ಇನ್ನೂ ಟ್ರಿಮ್ಮರ್‌ನ ವಿಚಾರಕ್ಕೆ ಬರುವ ಹಾಗಿಲ್ಲ. ದವಡೆಗಳನ್ನು ಒರೆಸಿ, ಸೊನ್ನೆ ಮಾಡಿ, ಕೇಸ್ ದವಡೆಗಳ ನಡುವೆ ಓರೆಯಾಗದಂತೆ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ತಳವನ್ನು ಒಂದು ದವಡೆಗೆ ಪೂರ್ತಿ ಒರಗಿಸಿ, ಬಾಯಿಯ ಕಡೆಯ ದವಡೆಯನ್ನು ಹೆಬ್ಬೆರಳಿನಿಂದ ಹಗುರವಾಗಿ ತಂದು ತಾಗಿಸಬೇಕು. ಒತ್ತಿದರೆ ತೆಳುವಾದ ಬಾಯಿ ಬಾಗುತ್ತದೆ, ಅಂಕಿ ಸುಳ್ಳು ಹೇಳುತ್ತದೆ. ಬಾಯಿಯಲ್ಲಿ ಬರ್, ಅಂದರೆ ಕತ್ತರಿಸಿದಾಗ ಅಂಚಿನಲ್ಲಿ ಏಳುವ ಚೂಪು ಸಿಬಿರು, ಉಳಿದಿದ್ದರೂ ಅಷ್ಟೇ: ಅಳೆಯುವ ಮೊದಲು ಒಳಗೂ ಹೊರಗೂ ಬರ್ ತೆಗೆದಿರಬೇಕು.

ಇನ್ನೊಂದು ಕೆಲಸವೂ ಇಲ್ಲಿಯೇ ಮುಗಿಯಲಿ. ಅದೇ ಕೇಸನ್ನು ದವಡೆಗಳ ನಡುವೆ ಕಾಲು ಕಾಲು ಸುತ್ತು ತಿರುಗಿಸಿ ಅಳೆಯಿರಿ. ತಿರುಗಿಸಿದಂತೆ ಅಂಕಿ ಏರಿ ಇಳಿದರೆ ಬಾಯಿ ಓರೆಯಾಗಿದೆ, ಇಲ್ಲವೇ ತಳ ಸಮತಟ್ಟಾಗಿಲ್ಲ. ತಳವನ್ನು ಬೆಳಕಿಗೆ ಹಿಡಿದು ನೋಡಿ. ಅರೆಸ್ವಯಂಚಾಲಿತ ರೈಫಲ್‌ನಿಂದ ಬಂದ ಕೇಸಾದರೆ, ಹೊರಹಾಕುವ ಪಿನ್ನು ಒತ್ತಿದ ಜಾಗದಲ್ಲಿ ಅಕ್ಷರಗಳ ಪಕ್ಕದಲ್ಲೇ ಉಗುರಿನ ತುದಿಯಷ್ಟು ಅರ್ಧಚಂದ್ರಾಕಾರದ ಹೊಳಪು ಕಾಣುತ್ತದೆ. ಉಗುರನ್ನು ಅದರ ಮೇಲೆ ಎಳೆದರೆ ತಡೆಯುತ್ತದೆ. ಕಣ್ಣಿಗೆ ಕೇವಲ ಗೀರಿನಂತೆ ಕಾಣುವ ಆ ಉಬ್ಬು ತಳದಿಂದ ಅಳೆಯುವ ಟ್ರಿಮ್ಮರ್‌ನಲ್ಲಿ ಕೇಸನ್ನು ವಾಲಿಸಿ ಕೂರಿಸಲು ಸಾಕು. ಸಣ್ಣ ಹಲ್ಲಿನ ಅರದಿಂದ ಒಂದೆರಡು ಸಲ ಸವರಿ ಉಬ್ಬನ್ನು ಮಾತ್ರ ಮಟ್ಟ ಮಾಡಬೇಕು, ತಳವನ್ನೇ ಅರೆಯಬಾರದು.

ಯಂತ್ರ ಎಲ್ಲಿಂದ ಅಳೆಯುತ್ತದೆ

ಇಡೀ ಬರಹದ ತಿರುಳು ಇದು. ಯಾವ ಟ್ರಿಮ್ಮರ್ ಆದರೂ ಕೇಸ್‌ನ ಯಾವುದೋ ಒಂದು ಮುಖವನ್ನು ಆಧಾರವಾಗಿ ಹಿಡಿದು, ಅಲ್ಲಿಂದ ಇಷ್ಟು ದೂರ ಎಂದು ಬಾಯಿಯನ್ನು ಕತ್ತರಿಸುತ್ತದೆ. ನೀವು ವರ್ನಿಯರ್‌ನಲ್ಲಿ ಅಳೆಯುವುದು ತಳದಿಂದ ಬಾಯಿಯವರೆಗೆ. ಯಂತ್ರದ ಆಧಾರವೂ ತಳವೇ ಆಗಿದ್ದರೆ ಎರಡು ಲೆಕ್ಕವೂ ಹೊಂದುತ್ತದೆ. ಯಂತ್ರದ ಆಧಾರ ಹೆಗಲಾಗಿದ್ದರೆ, ಅಂದರೆ ಒಡಲು ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರಾಗಿದ್ದರೆ, ಯಂತ್ರ ಹೆಗಲಿನಿಂದ ಬಾಯಿಯವರೆಗಿನ ದೂರವನ್ನು ಮಾತ್ರ ಸಮ ಮಾಡುತ್ತದೆ. ತಳದಿಂದ ಹೆಗಲಿನವರೆಗಿನ ದೂರ ಕೇಸ್‌ನಿಂದ ಕೇಸ್‌ಗೆ ಬದಲಾದರೆ ಅದಷ್ಟೂ ಒಟ್ಟು ಉದ್ದದಲ್ಲಿ ಬಂದು ಕೂರುತ್ತದೆ. ಅದಕ್ಕೆ ಕಟ್ಟರ್ ಏನು ಮಾಡೀತು?

ನಮ್ಮ ಲೇತ್‌ನಲ್ಲೂ ಜಾಬ್ ಉದ್ದ ತಪ್ಪಿದಾಗ ಮೊದಲು ನೋಡುವುದು ಟೂಲನ್ನಲ್ಲ, ಸ್ಟಾಪರ್ ಯಾವ ಮುಖಕ್ಕೆ ತಾಗಿ ನಿಂತಿದೆ, ಅಲ್ಲಿ ಚೂರು ಸಿಕ್ಕಿದೆಯೇ ಎಂಬುದನ್ನು. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠವೂ ಇದೇ.

ಮಾರುಕಟ್ಟೆಯಲ್ಲಿರುವ ಟ್ರಿಮ್ಮರ್‌ಗಳನ್ನು ಈ ಕಣ್ಣಿನಿಂದ ನೋಡಿದರೆ ಗೊಂದಲ ಬಹಳ ಕಡಿಮೆಯಾಗುತ್ತದೆ. ಅತ್ಯಂತ ಸರಳವಾದದ್ದು ಲೀ ಮಾದರಿಯ ಕೈ ಉಪಕರಣ. ಕಟ್ಟರ್‌ನ ನಡುವೆ ನಿಗದಿತ ಉದ್ದದ ಒಂದು ಪಿನ್ನು. ಅದು ಕೇಸ್‌ನ ಒಳಗೆ ಇಳಿದು, ತಳದಲ್ಲಿ ಕಿಡಿ ಕೊಡುವ ಪ್ರೈಮರ್ ಕೂರುವ ಗುಳಿಯ ಸಣ್ಣ ರಂಧ್ರವನ್ನು ದಾಟಿ, ಕೇಸನ್ನು ಹಿಡಿದಿರುವ ಹೋಲ್ಡರ್‌ನ ಮುಖಕ್ಕೆ ತಾಗಿ ನಿಲ್ಲುತ್ತದೆ. ಆಧಾರ ತಳವೇ. ಹೊಂದಿಸಲು ತಿರುಪೇ ಇಲ್ಲ, ಆದ್ದರಿಂದ ಹೊಂದಿಕೆ ಜಾರುವ ಮಾತೂ ಇಲ್ಲ. ಎರಡನೆಯದು ಪುಟ್ಟ ಲೇತ್‌ನಂಥದ್ದು: ತಳದ ರಿಮ್ಮನ್ನು ಕಾಲೆಟ್ (ಬಿಗಿಸಿದಾಗ ಸುತ್ತಲೂ ಹಿಂಡಿ ಹಿಡಿಯುವ ಸೀಳು ಬಳೆ) ಅಥವಾ ಹೋಲ್ಡರ್ ಹಿಡಿಯುತ್ತದೆ, ಕಟ್ಟರ್ ಅಲುಗದಂತೆ ನಡುವೆ ನಿಲ್ಲಿಸುವ ಪೈಲಟ್ ಸರಳು ಕತ್ತಿನೊಳಗೆ ಹೋಗುತ್ತದೆ, ಕೈಹಿಡಿ ತಿರುಗಿಸಿದರೆ ಕಟ್ಟರ್ ಮುಂದೆ ಬಂದು ಸ್ಟಾಪ್ ಕಾಲರ್‌ಗೆ ತಾಗಿ ನಿಲ್ಲುತ್ತದೆ. ಮೂರನೆಯದು ವಿಲ್ಸನ್ ಮಾದರಿ. ಕೇಸನ್ನು ಅದರ ಒಡಲಿನ ಓರೆಗೆ ಹೊಂದುವ ಉಕ್ಕಿನ ತೋಳಿಗೆ ತಟ್ಟಿ ಕೂರಿಸುತ್ತಾರೆ, ತೋಳು ಎರಡು ಹಳಿಗಳ ಮೇಲೆ ಮಲಗುತ್ತದೆ, ಹಿಂದಿನ ತಿರುಪು ಕೇಸ್‌ನ ತಳಕ್ಕೇ ತಾಗುತ್ತದೆ. ನಾಲ್ಕನೆಯದು ಡ್ರಿಲ್‌ಗೆ ಅಥವಾ ಸ್ವಂತ ಮೋಟಾರಿಗೆ ಜೋಡಿಸುವ ವೇಗದ ಟ್ರಿಮ್ಮರ್. ಕೇಸನ್ನು ಕೈಯಲ್ಲೇ ಹಿಡಿದು ಬಾಯಿ ಮುಂದಾಗಿ ಒಳಗೆ ನೂಕಬೇಕು. ಹೆಗಲು ಒಳಗಿನ ಅಂಚಿಗೆ ತಾಗಿ ನಿಲ್ಲುತ್ತದೆ. ಇದರ ಆಧಾರ ಹೆಗಲು. ಪ್ರೆಸ್‌ನಲ್ಲಿ ಕೂರಿಸಿ ಅರದಿಂದ ಉಜ್ಜುವ ಗಟ್ಟಿ ಉಕ್ಕಿನ ಡೈ ಕೂಡ ಇದೆ. ಈಗ ಅದನ್ನು ಬಳಸುವವರು ಕಡಿಮೆ, ನಾನೂ ಅದರ ವಿವರಕ್ಕೆ ಹೋಗುವುದಿಲ್ಲ.

ಈಗ ಒಂದು ಸ್ವಾರಸ್ಯದ ಸಂಗತಿ. ಆಧಾರದ ಮುಖಕ್ಕೆ ಹಿತ್ತಾಳೆಯ ಒಂದು ಸಣ್ಣ ಚೂರು ಸಿಕ್ಕಿಕೊಂಡರೆ ಎರಡು ಬಗೆಯ ಯಂತ್ರಗಳಲ್ಲಿ ಎರಡು ವಿರುದ್ಧ ತಪ್ಪುಗಳಾಗುತ್ತವೆ. ತಳದ ಕೆಳಗೆ ಚೂರು ಸಿಕ್ಕರೆ ಕೇಸ್ ಕಟ್ಟರ್‌ನ ಕಡೆಗೆ ಏಳುತ್ತದೆ, ಹೆಚ್ಚು ಕತ್ತರಿಸಿ ಗಿಡ್ಡವಾಗುತ್ತದೆ. ಹೆಗಲಿನ ಮುಂದೆ ಸಿಕ್ಕರೆ ಕೇಸ್ ಪೂರ್ತಿ ಒಳಗೆ ಹೋಗದೆ, ಕಡಿಮೆ ಕತ್ತರಿಸಿ ಉದ್ದ ಉಳಿಯುತ್ತದೆ. ಹಾಗಾಗಿ ರಾಶಿಯಲ್ಲಿ ಹೆಚ್ಚಿನವು ಸಮವಾಗಿದ್ದು ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ, ತಪ್ಪಿದವು ಯಾವ ಕಡೆಗೆ ತಪ್ಪಿವೆ ನೋಡಿ. ಹೆಗಲಿನ ಆಧಾರದ ಟ್ರಿಮ್ಮರ್‌ನಲ್ಲಿ ಉದ್ದದ ಕಡೆಗೆ, ತಳದ ಆಧಾರದ್ದರಲ್ಲಿ ಗಿಡ್ಡದ ಕಡೆಗೆ ತಪ್ಪಿದ್ದರೆ ಮೊದಲು ಕೊಳೆಯ ಮೇಲೆಯೇ ಅನುಮಾನ ಪಡಿ. ಹಳೆಯ ಹಲ್ಲುಜ್ಜುವ ಬ್ರಷ್ ಒಂದೇ ಸಾಕು. ಡೈಗೆ ಹಾಕುವಾಗ ಹಚ್ಚಿದ ಎಣ್ಣೆ ಅಥವಾ ಮೇಣವನ್ನು ಒರೆಸದೆ ಟ್ರಿಮ್ ಮಾಡಿದರೆ ಚೂರುಗಳು ಅಲ್ಲಿಯೇ ಅಂಟಿಕೊಂಡು ಈ ತೊಂದರೆ ಪದೇ ಪದೇ ಬರುತ್ತದೆ. ಕೇಸ್‌ಗಳನ್ನು ಒರೆಸಿ ಒಣಗಿಸಿದ ಮೇಲೆಯೇ ಟ್ರಿಮ್ಮರ್ ಹತ್ತಿರ ತರಬೇಕು.

ಎರಡು ಅಂಕಣಗಳ ಪರೀಕ್ಷೆ

ಹೆಗಲಿನ ಆಧಾರದ ಟ್ರಿಮ್ಮರ್‌ನಲ್ಲಿ ಚೂರು, ಕೊಳೆ ತೆಗೆದ ಮೇಲೂ ಉದ್ದ ಹರಡಿಯೇ ಇದ್ದರೆ ಕಾಗದ ತೆಗೆದುಕೊಳ್ಳಿ. ಟ್ರಿಮ್ ಮಾಡಿದ ಹತ್ತು ಕೇಸ್‌ಗಳ ಮೇಲೆ ಮಾರ್ಕರ್‌ನಿಂದ ಸಂಖ್ಯೆ ಹಾಕಿ. ಮೊದಲ ಅಂಕಣದಲ್ಲಿ ಒಟ್ಟು ಉದ್ದ. ಎರಡನೆಯದರಲ್ಲಿ ತಳದಿಂದ ಹೆಗಲಿನವರೆಗಿನ ಉದ್ದ. ಎರಡನೆಯದನ್ನು ಅಳೆಯಲು ವರ್ನಿಯರ್‌ನ ದವಡೆಗೆ ಸಿಕ್ಕಿಸುವ ಕಂಪ್ಯಾರೇಟರ್ ಬಳೆ ಬೇಕು. .308ರಲ್ಲಿ ಹೆಗಲಿನ ಅಳತೆಯನ್ನು ಅದರ ಇಳಿಜಾರು 0.400 ಇಂಚು ವ್ಯಾಸವಿರುವ ಜಾಗದಲ್ಲಿ ಹಿಡಿಯುತ್ತಾರೆ, ಅಂದರೆ 10.16 ಮಿ.ಮೀ. ಬಳೆಯ ರಂಧ್ರ ಅದರ ಆಸುಪಾಸಿನಲ್ಲಿದ್ದರೆ ಸಾಕು. ಇಲ್ಲಿ ಬೇಕಾಗಿರುವುದು ನಿಜವಾದ ಅಳತೆಯಲ್ಲ, ಕೇಸ್‌ನಿಂದ ಕೇಸ್‌ಗೆ ಇರುವ ವ್ಯತ್ಯಾಸ. ಪ್ರೈಮರ್ ತೆಗೆದಿರಬೇಕು, ಹಳೆಯ ಪ್ರೈಮರ್ ತಳದಿಂದ ಕೂದಲೆಳೆಯಷ್ಟು ಹೊರಚಾಚಿದ್ದರೂ ಲೆಕ್ಕ ಕೆಡುತ್ತದೆ.

ಈಗ ಎರಡು ಅಂಕಣಗಳನ್ನು ಒಟ್ಟಿಗೆ ಓದಿ. ಒಟ್ಟು ಉದ್ದ ಹೆಚ್ಚಿರುವ ಕೇಸ್‌ನಲ್ಲಿ ಹೆಗಲಿನ ಉದ್ದವೂ ಹೆಚ್ಚು, ಕಡಿಮೆಯಿರುವಲ್ಲಿ ಅದೂ ಕಡಿಮೆ, ಹೀಗೆ ಎರಡೂ ಕೈಕೈ ಹಿಡಿದು ನಡೆದರೆ ಟ್ರಿಮ್ಮರ್ ನಿರ್ದೋಷಿ. ಅದು ಹೆಗಲಿನಿಂದ ಕರಾರುವಾಕ್ಕಾಗಿ ಕತ್ತರಿಸಿದೆ. ಹೆಗಲೇ ಒಂದೊಂದು ಕೇಸ್‌ನಲ್ಲಿ ಒಂದೊಂದು ಕಡೆ ಇದೆ. ದೋಷ ಇರುವುದು ಡೈ ಹಂತದಲ್ಲಿ. ಹೆಗಲಿನ ಅಂಕಣ ಸಮವಾಗಿದ್ದು ಒಟ್ಟು ಉದ್ದ ಮಾತ್ರ ಹರಡಿದ್ದರೆ ಅಥವಾ ಎರಡಕ್ಕೂ ಸಂಬಂಧವೇ ಕಾಣದಿದ್ದರೆ ದೋಷ ಟ್ರಿಮ್ಮರ್‌ನದು, ಇಲ್ಲವೇ ಅದಕ್ಕೆ ಕೇಸ್ ಕೊಡುವ ಕೈಯದು.

ತಮ್ಮನ ಪಟ್ಟಿಯಲ್ಲಿ ಎರಡೂ ಅಂಕಣಗಳು ಜೊತೆಜೊತೆಯಾಗಿಯೇ ಏರಿಳಿದಿದ್ದವು. ಅವನದು ಡ್ರಿಲ್‌ಗೆ ಜೋಡಿಸುವ, ಹೆಗಲಿನ ಆಧಾರದ ಟ್ರಿಮ್ಮರ್. ಫೋನಿನಲ್ಲಿ ಪಟ್ಟಿ ನೋಡಿದ ಕೂಡಲೇ, "ನಿನ್ನ ಟ್ರಿಮ್ಮರ್‌ಗೆ ಏನೂ ಆಗಿಲ್ಲ. ಈ ಕೇಸ್‌ಗಳೆಲ್ಲ ಒಂದೇ ಸಲ ಕೊಂಡವೇ? ಒಂದೇ ಸಲ ಬಳಸಿದವೇ?" ಎಂದು ಕೇಳಿದೆ. ಅಲ್ಲ. ಒಮ್ಮೆ ಹಾರಿಸಿದ್ದು, ಐದಾರು ಸಲ ಹಾರಿಸಿದ್ದು, ಬೇರೆ ಬೇರೆ ಕಂಪನಿಯದು ಎಲ್ಲ ಒಂದೇ ಡಬ್ಬಿಯಲ್ಲಿದ್ದವು.

ಹಿತ್ತಾಳೆಯ ಗುಣವೇ ಹಾಗೆ. ಬಡಿದಷ್ಟೂ, ಹಿಂಡಿದಷ್ಟೂ ಗಟ್ಟಿಯಾಗುತ್ತದೆ. ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಹಿತ್ತಾಳೆ ಕೆಲಸ ಮಾಡುವವರು ತಗಡನ್ನು ಬಡಿಯುವ ನಡುವೆ ಬೆಂಕಿಗೆ ಹಿಡಿದು ಮೆದುಗೊಳಿಸುವುದು ಈ ಕಾರಣಕ್ಕೇ. ಹಾಗೆ ಮಾಡದಿದ್ದರೆ ತಗಡು ಸುತ್ತಿಗೆಗೆ ಮಣಿಯದೆ ಹಿಂದಕ್ಕೆ ಚಿಮ್ಮುತ್ತದೆ, ಕೊನೆಗೆ ಬಿರಿಯುತ್ತದೆ. ಹಲವು ಸಲ ಹಾರಿಸಿದ ಕೇಸ್ ಕೂಡ ಹಾಗೆಯೇ. ಡೈ ಹೆಗಲನ್ನು ಎಷ್ಟು ಹಿಂದಕ್ಕೆ ಒತ್ತಿದರೂ, ಡೈಯಿಂದ ಹೊರಬಂದೊಡನೆ ಗಟ್ಟಿ ಹಿತ್ತಾಳೆ ಸ್ವಲ್ಪ ಮುಂದಕ್ಕೆ ಚಿಮ್ಮುತ್ತದೆ. ಒಮ್ಮೆ ಬಳಸಿದ ಮೆದು ಕೇಸ್ ಒತ್ತಿದ ಕಡೆಯೇ ನಿಲ್ಲುತ್ತದೆ.

ಅದಕ್ಕೆ ಪರಿಹಾರಗಳು ಹಣ ಬೇಡುವುದಿಲ್ಲ. ಕೇಸ್‌ಗಳನ್ನು ಕಂಪನಿ ಮತ್ತು ಬಳಸಿದ ಸಲದ ಲೆಕ್ಕದಲ್ಲಿ ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಡೈಗೆ ಹಚ್ಚುವ ಎಣ್ಣೆ ಎಲ್ಲದಕ್ಕೂ ಒಂದೇ ಹದದಲ್ಲಿರಬೇಕು. ಒಂದಕ್ಕೆ ಹೆಚ್ಚು, ಒಂದಕ್ಕೆ ಒಣ ಎಂದಾದರೆ ಹೆಗಲಿನ ಅಳತೆ ಏರುಪೇರಾಗುತ್ತದೆ. ಪ್ರೆಸ್‌ನ ಕೈಹಿಡಿ ಪೂರ್ತಿ ಕೆಳಗೆ ಬಂದಾಗ ಒಂದೆರಡು ಉಸಿರಿನಷ್ಟು ಹೊತ್ತು ಹಾಗೆಯೇ ಹಿಡಿದು ನಿಲ್ಲಿಸಿದರೆ ಹಿಂಚಿಮ್ಮುವಿಕೆ ತಗ್ಗುತ್ತದೆ. ಹಲವು ಸಲ ಬಳಸಿದ ಕೇಸ್‌ಗಳ ಕತ್ತು ಮತ್ತು ಹೆಗಲನ್ನು ಮಾತ್ರ ಕಾಯಿಸಿ ಮೆದುಗೊಳಿಸುವ ಕ್ರಮವೂ ಇದೆ. ತಳದ ಕಡೆಗೆ ಕಾವು ಹತ್ತಲೇಬಾರದು. ಒತ್ತಡವನ್ನು ತಡೆದು ನಿಲ್ಲುವುದು ಗಟ್ಟಿಯಾದ ತಳ. ಅದು ಮೆತ್ತಗಾದರೆ ಆ ಕೇಸ್ ಬಳಸಿದವನ ಮುಖಕ್ಕೇ ಅಪಾಯ. ಇದನ್ನು ಓದಿ ಕಲಿಯುವುದಕ್ಕಿಂತ ತಿಳಿದವರ ಪಕ್ಕ ನಿಂತು ಕಲಿಯುವುದು ಮೇಲು.

ದೋಷ ಟ್ರಿಮ್ಮರ್‌ನದೇ ಆದಾಗ

ಆಗ ಇನ್ನೊಂದು ಪರೀಕ್ಷೆ. ಈಗಾಗಲೇ ಟ್ರಿಮ್ ಮಾಡಿದ ಕೇಸನ್ನು ಹೊರತೆಗೆದು, ತಿರುಗಿಸಿ, ಹೊಂದಿಕೆ ಬದಲಿಸದೆ ಮತ್ತೆ ಹಾಕಿ ತಿರುಗಿಸಿ. ಪುಡಿಯಂಥದ್ದು ಉದುರಿದರೆ ಚಿಂತೆಯಿಲ್ಲ. ಸುರುಳಿಯೋ ಹೊಸ ಚೂರೋ ಬಂದರೆ ಕೇಸ್ ಎರಡು ಸಲ ಎರಡು ಕಡೆ ಕೂತಿದೆ. ಕಾಲೆಟ್ ಇರುವ ಟ್ರಿಮ್ಮರ್‌ಗಳಲ್ಲಿ ಇದು ಹೆಚ್ಚು. ಬಿಗಿಸುವಾಗ ಕಾಲೆಟ್ ಕೇಸನ್ನೂ ಹಿಂದಕ್ಕೆ ಎಳೆಯುವುದರಿಂದ, ಒಮ್ಮೆ ಹಗುರವಾಗಿ ಒಮ್ಮೆ ಬಿಗಿಯಾಗಿ ತಿರುಗಿಸಿದರೆ ಉದ್ದವೂ ಅದರ ಹಿಂದೆಯೇ ಓಡಾಡುತ್ತದೆ. ರಿಮ್ಮಿನ ವ್ಯಾಸ ಕಂಪನಿಯಿಂದ ಕಂಪನಿಗೆ ಬೇರೆಯಾದರೂ ಇದೇ ಕತೆ. ಒಂದೇ ಕಂಪನಿಯ ಕೇಸ್, ಒಂದೇ ಬಿಗಿತ, ಇಷ್ಟು ಪಾಲಿಸಿಯೂ ನಿಲ್ಲದಿದ್ದರೆ ಕಾಲೆಟ್ ಸವೆದಿದೆ. ಸ್ಟಾಪ್ ಕಾಲರ್‌ನ ಸಣ್ಣ ತಿರುಪು ಸಡಿಲಾಗಿ ಕಾಲರ್ ತೆವಳುವುದೂ ಉಂಟು. ಆಗ ಉದ್ದ ಹಿಂದೆ ಮುಂದೆ ಓಲಾಡುವುದಿಲ್ಲ, ಮೊದಲ ಕೇಸ್‌ನಿಂದ ಕೊನೆಯ ಕೇಸ್‌ಗೆ ಒಂದೇ ದಿಕ್ಕಿನಲ್ಲಿ ಬದಲಾಗುತ್ತ ಹೋಗುತ್ತದೆ. ಅದಕ್ಕೇ ಅಳತೆಗಳನ್ನು ಕತ್ತರಿಸಿದ ಕ್ರಮದಲ್ಲೇ ಬರೆದಿಡಬೇಕು.

ಕೈಯಲ್ಲಿ ಹಿಡಿದು ನೂಕುವ ಯಂತ್ರದಲ್ಲಿ ಕೈಯೇ ಅರ್ಧ ಯಂತ್ರ. ನೇರವಾಗಿ ನೂಕಿ, ಕಟ್ಟರ್‌ನ ಸದ್ದು ಪೂರ್ತಿ ನಿಲ್ಲುವವರೆಗೆ ಹಿಡಿದು, ಕೇಸನ್ನು ಬೆರಳಲ್ಲೇ ಒಂದು ಸುತ್ತು ತಿರುಗಿಸಿ ಹೊರತೆಗೆಯಬೇಕು. ಆತುರಪಟ್ಟರೆ ಉದ್ದ ಹೆಚ್ಚು ಉಳಿಯುತ್ತದೆ.

ಉಳಿದದ್ದನ್ನು ಬಾಯಿಯ ಅಂಚೇ ಹೇಳುತ್ತದೆ, ಭೂತಗನ್ನಡಿ ಹಿಡಿದು ನೋಡಿ. ಅಂಚಿನ ಸುತ್ತ ಸಣ್ಣ ಸಣ್ಣ ಅಲೆಗಳಿದ್ದರೆ ಕಟ್ಟರ್ ನಡುಗಿದೆ: ಧಾರೆ ಮೊಂಡಾಗಿದೆ, ಪೈಲಟ್ ಕತ್ತಿನೊಳಗೆ ಸಡಿಲವಿದೆ, ಇಲ್ಲವೇ ವೇಗ ಹೆಚ್ಚಾಗಿದೆ. ಹೊರಗಂಚಿನಲ್ಲಿ ದಪ್ಪ ಬರ್ ಮಡಚಿಕೊಂಡಿದ್ದರೆ ಧಾರೆ ಖಂಡಿತ ಹೋಗಿದೆ. ಹೊಸ ಧಾರೆ ಮಾಡಿಸುವಾಗ ಹಿತ್ತಾಳೆಗೆ ಉಕ್ಕಿನ ಟೂಲ್‌ನ ಹಾಗೆ ಮುಂದಕ್ಕೆ ರೇಕ್, ಅಂದರೆ ಧಾರೆಯ ಮುಖಕ್ಕೆ ವಾಲು, ಕೊಡಿಸಬೇಡಿ, ಅದು ಹಿತ್ತಾಳೆಗೆ ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಖ ಮಟ್ಟಸವಾಗಿದ್ದು ಅಂಚು ಚೂಪಾಗಿದ್ದರೆ ಹಿತ್ತಾಳೆ ಪುಡಿಪುಡಿಯಾಗಿ ಚೊಕ್ಕಟವಾಗಿ ಬರುತ್ತದೆ. ಕತ್ತಿನ ಒಳಗೋಡೆಯಲ್ಲಿ ಗೀರುಗಳಿದ್ದರೆ ಪೈಲಟ್‌ಗೆ ಹಿತ್ತಾಳೆ ಮೆತ್ತಿಕೊಂಡಿದೆ. ಅದನ್ನು ಉಜ್ಜಿ ಹೊಳಪು ಮಾಡಿ, ಒಂದು ಹನಿ ಎಣ್ಣೆ ಬಿಟ್ಟು ಬಳಸಿ. ಅಂಚಿನ ಅರ್ಧ ಮಾತ್ರ ಹೊಳೆದಿದ್ದರೆ ಮೊದಲ ಸಲ ಅದು ಸಹಜ. ಬಾಯಿ ಮೊದಲೇ ಓರೆಯಾಗಿತ್ತು, ಎತ್ತರದ ಕಡೆಯನ್ನು ಕಟ್ಟರ್ ಸವರಿದೆ, ಅಷ್ಟೇ. ಮುಂದಿನ ಸಲದ ಟ್ರಿಮ್ಮಿಂಗ್‌ನಲ್ಲೂ ಅರ್ಧವೇ ಹೊಳೆದರೆ ಕೇಸ್ ನೇರವಾಗಿ ನಿಲ್ಲುತ್ತಿಲ್ಲ ಎಂದರ್ಥ.

ಹಾಗಾದರೆ ಯಾವುದನ್ನು ಕೊಳ್ಳುವುದು

ಇಷ್ಟೆಲ್ಲ ನೋಡಿದ ಮೇಲೂ ಕೊಳ್ಳಬೇಕಾದರೆ ನನ್ನ ಅಭಿಪ್ರಾಯ ಹೀಗಿದೆ. ಒಂದೋ ಎರಡೋ ಬಗೆಯ ಕ್ಯಾಲಿಬರ್, ತಿಂಗಳಿಗೆ ಕೆಲವು ಹತ್ತು ಕೇಸ್ ಎಂದಾದರೆ ಲೀ ಮಾದರಿಯ ಪಿನ್ನಿನ ಉಪಕರಣವನ್ನು ಮೀರಿ ಖರ್ಚು ಮಾಡುವುದು ದಂಡ. ಪ್ರತಿ ಕ್ಯಾಲಿಬರ್‌ಗೂ ಬೇರೆ ಪಿನ್ನು ಬೇಕು ಎಂಬುದೊಂದೇ ಅದರ ಮಿತಿ. ಅಗ್ಗದ್ದೆಂದು ಕೀಳಾಗಿ ಕಾಣುವವರಿದ್ದಾರೆ. ಆಧಾರ ಗಟ್ಟಿಯಾಗಿ, ಹೊಂದಿಸುವ ತಿರುಪೇ ಇಲ್ಲದ ಉಪಕರಣವನ್ನು ಲೇತ್ ಕೆಲಸದವನು ಎಂದೂ ಹಾಗೆ ಕಾಣುವುದಿಲ್ಲ. ಕ್ಯಾಲಿಬರ್ ಹಲವು ಇದ್ದರೆ ಪುಟ್ಟ ಲೇತ್ ಮಾದರಿ ಅನುಕೂಲ, ಅದರಲ್ಲೂ ಕಾಲೆಟ್‌ಗಿಂತ ಹೋಲ್ಡರ್‌ನಿಂದ ತಳವನ್ನು ಹಿಡಿಯುವಂಥದ್ದನ್ನು ಆರಿಸುತ್ತೇನೆ. ಬಾಯಿ ತಳಕ್ಕೆ ನೇರವಾಗಿ, ಅಂಚು ಚೊಕ್ಕವಾಗಿ ಬರಬೇಕು, ನಿಧಾನವಾದರೂ ಅಡ್ಡಿಯಿಲ್ಲ ಎನ್ನುವವರಿಗೆ ವಿಲ್ಸನ್ ಮಾದರಿ. ಹಳಿಯ ಮೇಲೆ ತೋಳು ಮಲಗುವ ಆ ರಚನೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಆದರೆ ತೋಳನ್ನು ಕೊಳ್ಳುವಾಗ ಹಾರಿಸಿದ ಕೇಸ್‌ಗೆ ಬೇರೆ, ಹೊಸ ಕೇಸ್‌ಗೆ ಬೇರೆ ಎಂಬುದು ನೆನಪಿರಲಿ.

ಒಂದೇ ಕ್ಯಾಲಿಬರ್‌ನ ನೂರಾರು ಕೇಸ್ ಇದ್ದವರಿಗೆ ಹೆಗಲಿನ ಆಧಾರದ ಮೋಟಾರು ಟ್ರಿಮ್ಮರ್ ಸರಿ, ಮಣಿಕಟ್ಟು ಉಳಿಯುತ್ತದೆ. ಡೈಗೆ ಹಾಕಿದ ಮೇಲೆಯೇ ಟ್ರಿಮ್ ಮಾಡಬೇಕು, ಮೊದಲು ಮಾಡಿದರೆ ಎಲ್ಲ ವ್ಯರ್ಥ. ಕತ್ತರಿಸುವುದರ ಜೊತೆಗೆ ಒಳ, ಹೊರ ಬರ್ ಎರಡನ್ನೂ ಒಂದೇ ಸಲಕ್ಕೆ ತೆಗೆಯುವ ಕಟ್ಟರ್‌ಗಳಿವೆ. ಕತ್ತಿನ ಗೋಡೆ ಒಂದೇ ದಪ್ಪವಿದ್ದಾಗ ಅವು ಚೆನ್ನ; ಬೇರೆ ಬೇರೆ ಕಂಪನಿಯ ಕೇಸ್ ಬೆರೆತರೆ ಒಂದರ ಅಂಚು ಚಾಕುವಿನಂತೆ ಚೂಪಾಗಿ, ಇನ್ನೊಂದರದ್ದು ಮೊಂಡಾಗಿ ಉಳಿಯುತ್ತದೆ. ಯಾವುದನ್ನೇ ಬಳಸಿ, ಕೇಸ್ ಖಾಲಿ ಇದೆ, ಪ್ರೈಮರ್ ತೆಗೆದಿದೆ ಎಂದು ಒಂದೊಂದನ್ನೂ ನೋಡಿಯೇ ಯಂತ್ರಕ್ಕೆ ಕೊಡಿ. ಕಣ್ಣಿಗೆ ಕನ್ನಡಕ ಬೇಕು. ಪ್ರೈಮರ್ ಮಸಿಯಲ್ಲಿ ಸೀಸದ ಅಂಶವಿರುವುದರಿಂದ ಕೆಲಸ ಮುಗಿಸಿ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಉದ್ದ ಬೇಗ ಬೇಗ ಬೆಳೆಯುತ್ತಿದ್ದರೆ

ಪ್ರತಿ ಸಲ ಹಾರಿಸಿದ ಮೇಲೂ ಬಹಳಷ್ಟು ಕತ್ತರಿಸಬೇಕಾಗಿ ಬಂದರೆ ಅದನ್ನು ಟ್ರಿಮ್ಮರ್‌ನ ಕೆಲಸ ಎಂದು ಬಿಟ್ಟುಬಿಡಬೇಡಿ. ಬಾಯಿಯಲ್ಲಿ ಹೆಚ್ಚಾದ ಹಿತ್ತಾಳೆ ಎಲ್ಲಿಂದಲೋ ಬಂದಿರಲೇಬೇಕು. ಅದು ತಳಕ್ಕೆ ಸ್ವಲ್ಪ ಮೇಲಿನ ಗೋಡೆಯಿಂದ ಬರುತ್ತದೆ, ಅಲ್ಲಿ ಗೋಡೆ ತೆಳುವಾಗುತ್ತ ಹೋಗುತ್ತದೆ. ಡೈ ಹೆಗಲನ್ನು ಅತಿಯಾಗಿ ಹಿಂದಕ್ಕೆ ಒತ್ತುತ್ತಿರುವುದು ಇದರ ಸಾಮಾನ್ಯ ಕಾರಣ. ಬೋಲ್ಟ್ ರೈಫಲ್‌ಗೆ ಹಾರಿಸಿದ ಕೇಸ್‌ನ ಹೆಗಲನ್ನು 0.001ರಿಂದ 0.003 ಇಂಚು, ಅಂದರೆ 0.03ರಿಂದ 0.08 ಮಿ.ಮೀ. ಹಿಂದಕ್ಕೆ ತಂದರೆ ಸಾಕಾಗುತ್ತದೆ. ಮೇಲೆ ಹೇಳಿದ ಕಂಪ್ಯಾರೇಟರ್ ಇದಕ್ಕೂ ಕೆಲಸಕ್ಕೆ ಬರುತ್ತದೆ: ಡೈಗೆ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಅಳೆದು ಕಳೆಯಿರಿ.

ಗೋಡೆ ತೆಳುವಾಗಿದೆಯೇ ಎಂದು ತಿಳಿಯಲು ಗಟ್ಟಿ ತಂತಿಯ ತುದಿಯನ್ನು ಚೂಪು ಮಾಡಿ ಲಂಬಕೋನಕ್ಕೆ ಬಗ್ಗಿಸಿ, ಕೇಸ್‌ನೊಳಗೆ ತಳದವರೆಗೆ ಇಳಿಸಿ, ಒಳಗೋಡೆಗೆ ಒತ್ತಿ ಮೆಲ್ಲನೆ ಮೇಲಕ್ಕೆಳೆಯಬೇಕು. ಆರೋಗ್ಯವಂತ ಕೇಸ್‌ನಲ್ಲಿ ತಂತಿ ನುಣ್ಣಗೆ ಜಾರುತ್ತದೆ. ತಳದಿಂದ ಸ್ವಲ್ಪ ಮೇಲೆ ಅದು ತೋಡಿಗೆ ಸಿಕ್ಕಂತೆ ತಡೆದರೆ, ಅಥವಾ ಹೊರಗಡೆ ಅದೇ ಎತ್ತರದಲ್ಲಿ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಕಂಡರೆ, ಆ ಕೇಸ್ ಮುಂದಿನ ಸಲ ಎರಡು ತುಂಡಾಗಬಹುದು. ಇಕ್ಕಳದಿಂದ ಬಾಯಿ ಜಜ್ಜಿ ಗುಜರಿಗೆ ಹಾಕಿ. ಜಜ್ಜದೆ ಹಾಗೆಯೇ ಬಿಟ್ಟರೆ ಒಳ್ಳೆಯ ಕೇಸ್‌ಗಳ ಜೊತೆ ಮತ್ತೆ ಸೇರಿಹೋಗುತ್ತದೆ.

ತಮ್ಮನ ಹಳೆಯ ಕೇಸ್‌ಗಳಲ್ಲಿ ಅಂಥವು ಕೆಲವು ಸಿಕ್ಕವು. ಉಳಿದವನ್ನು ಕಂಪನಿ, ಬಳಕೆಯ ಲೆಕ್ಕದಲ್ಲಿ ವಿಂಗಡಿಸಿ, ಡೈಯನ್ನು ಸ್ವಲ್ಪ ಮೇಲಕ್ಕೆತ್ತಿ ಹೊಂದಿಸಿದ ಮೇಲೆ ಅದೇ ಟ್ರಿಮ್ಮರ್ ಒಂದು ಡಬ್ಬಿಯೊಳಗಿನ ಕೇಸ್‌ಗಳನ್ನು ವರ್ನಿಯರ್‌ನ ತಪ್ಪಿನ ಮಿತಿಗೆ ಹತ್ತಿರವೇ ಕತ್ತರಿಸುತ್ತಿದೆ. ಕಟ್ಟರ್‌ನ ಧಾರೆ ಮಾತ್ರ ಹೋಗಿತ್ತು, ಅದೊಂದನ್ನು ಹೊಸದು ತರಿಸಿದ. ಹೊಸದಾಗಿ ಶುರು ಮಾಡಿರುವ .223ಕ್ಕೆ ಪಿನ್ನಿನ ಕೈ ಉಪಕರಣ ಸಾಕೆಂದು ಹೇಳಿದ್ದೇನೆ, ಅದನ್ನೂ ಕೊಂಡಿದ್ದಾನೆ.